ಬ್ರಾಯ್ಲರ್ ಆಹಾರಕ್ಕೆ ಬೆರೆಸುವುದೇನು, ಏಕೆ?

ಕೋಳಿ ಅಂಗಡಿಯ ಮುಂದೆಯೋ ತರಗತಿಯಲ್ಲೋ ಈ ಪ್ರಶ್ನೆ ನಿಮ್ಮ ಕಿವಿಗೆ ಬಿದ್ದೇ ಇರುತ್ತದೆ: 'ಆರು ವಾರಕ್ಕೆ ಎರಡು ಕಿಲೋ ತೂಗುವ ಕೋಳಿಗೆ ಹಾರ್ಮೋನ್ ಕೊಡುತ್ತಾರಂತೆ, ಹೌದೆ?' ಉತ್ತರ ಹೇಳುವುದು ಕಷ್ಟವೇನಲ್ಲ. ಬೆಳವಣಿಗೆಯ ಹಾರ್ಮೋನು ಒಂದು ಪ್ರೋಟೀನು. ಆಹಾರದಲ್ಲಿ ಬೆರೆಸಿದರೆ ಅದು ಬೇಳೆಯ ಪ್ರೋಟೀನಿನ ಹಾಗೆಯೇ ಜೀರ್ಣವಾಗಿ ಹೋಗುತ್ತದೆ. ಚುಚ್ಚಿ ಕೊಡೋಣವೆಂದರೆ ಸಾವಿರಾರು ಕೋಳಿಗಳನ್ನು ಒಂದೊಂದಾಗಿ, ಮತ್ತೆ ಮತ್ತೆ ಹಿಡಿಯಬೇಕು. ಕೋಳಿಯ ಬೆಲೆ ಆ ಖರ್ಚನ್ನು ತಾಳಲಾರದು.

ಹಾಗಾದರೆ ಈ ವೇಗ ಬಂದದ್ದೆಲ್ಲಿಂದ? ಕೆನಡಾದ ಆಲ್ಬರ್ಟ ವಿಶ್ವವಿದ್ಯಾಲಯದ ವಿಜ್ಞಾನಿಗಳು 2014ರಲ್ಲಿ ಪ್ರಕಟಿಸಿದ ಪ್ರಯೋಗವೊಂದನ್ನು ನೋಡಿ. ಅವರ ಬಳಿ ಮೂರು ತಳಿಗಳಿದ್ದವು: 1957ರಿಂದ ಆಯ್ಕೆಗೆ ಒಳಪಡಿಸದೆ ಹಾಗೆಯೇ ಉಳಿಸಿಕೊಂಡು ಬಂದದ್ದು ಒಂದು, 1978ರಿಂದ ಹಾಗೆ ಉಳಿಸಿದ್ದು ಇನ್ನೊಂದು, 2005ರ ವಾಣಿಜ್ಯ ತಳಿ ಮೂರನೆಯದು. ಮೂರಕ್ಕೂ ಒಂದೇ ಆಹಾರ ಕೊಟ್ಟು 56 ದಿನ ಸಾಕಿದಾಗ ಅವುಗಳ ಸರಾಸರಿ ತೂಕ ಕ್ರಮವಾಗಿ 905, 1808 ಮತ್ತು 4202 ಗ್ರಾಂ. ಆಹಾರ ಒಂದೇ ಆಗಿದ್ದುದರಿಂದ ಈ ವ್ಯತ್ಯಾಸವೆಲ್ಲ ತಳಿ ಆಯ್ಕೆಯ ಫಲವೆಂದೇ ತಿಳಿಯಬೇಕು.

ಹಾರ್ಮೋನಿನ ಪ್ರಶ್ನೆ ಇಲ್ಲಿಗೆ ಮುಗಿಯಿತು. ಆದರೆ ಆಹಾರದ ಚೀಲದಲ್ಲಿ ಧಾನ್ಯ, ಹಿಂಡಿಗಳಲ್ಲದೆ ಬೇರೆ ವಸ್ತುಗಳೂ ಇರುತ್ತವೆ ಎಂಬುದು ನಿಜ. ಅವನ್ನು ಎರಡು ಬಗೆಯಾಗಿ ನೋಡಿದರೆ ವಿಷಯ ತಿಳಿಯಾಗುತ್ತದೆ. ಧಾನ್ಯದಲ್ಲಿ ಕೊರತೆಯಾದ ಪೋಷಕವನ್ನು ತುಂಬಿಕೊಡುವವು ಒಂದು ಬಗೆ. ತಾವು ಪೋಷಕವಲ್ಲದಿದ್ದರೂ ಕರುಳಿನಲ್ಲಿ ಏನನ್ನೋ ಬದಲಾಯಿಸುವವು ಇನ್ನೊಂದು ಬಗೆ. ವಿವಾದವಿರುವುದು ಎರಡನೆಯದರಲ್ಲಿ.

ಕೊರತೆ ತುಂಬುವ ಪೂರಕಗಳು

ನಮ್ಮಲ್ಲಿ ಬ್ರಾಯ್ಲರ್ ಆಹಾರದ ಮುಖ್ಯ ಪದಾರ್ಥಗಳು ಮೆಕ್ಕೆಜೋಳ ಮತ್ತು ಎಣ್ಣೆ ತೆಗೆದ ಸೋಯಾ ಹಿಂಡಿ. ಮೊದಲನೆಯದು ಶಕ್ತಿಗೆ, ಎರಡನೆಯದು ಪ್ರೋಟೀನಿಗೆ. ಇವೆರಡನ್ನು ಎಷ್ಟೇ ಜಾಣತನದಿಂದ ಬೆರೆಸಿದರೂ ಮೆತಿಯೊನೀನ್ ಎಂಬ ಅಮೈನೊ ಆಮ್ಲ ಸಾಲದೆ ಬರುತ್ತದೆ. ನೀವೇ ಲೆಕ್ಕ ಮಾಡಿ. ಮೆಕ್ಕೆಜೋಳದಲ್ಲಿ ಮೆತಿಯೊನೀನ್ ಸುಮಾರು ಶೇ. 0.18, ಸೋಯಾ ಹಿಂಡಿಯಲ್ಲಿ ಸುಮಾರು ಶೇ. 0.62. ನೂರು ಕಿಲೋ ಆಹಾರದಲ್ಲಿ 60 ಕಿಲೋ ಮೆಕ್ಕೆಜೋಳ, 35 ಕಿಲೋ ಸೋಯಾ ಹಿಂಡಿ ಇದ್ದರೆ ಒಟ್ಟು ಮೆತಿಯೊನೀನ್ 330 ಗ್ರಾಂನಷ್ಟಾಗುತ್ತದೆ. ಮೊದಲ ಮೂರು ವಾರದ ಮರಿಗೆ ಬೇಕಾದದ್ದು ಸುಮಾರು ಶೇ. 0.5, ಅಂದರೆ 500 ಗ್ರಾಂ. ಕೊರತೆ 170 ಗ್ರಾಂ. ಟನ್ನಿಗೆ ಒಂದೂಮುಕ್ಕಾಲು ಕಿಲೋದಷ್ಟು.

ಇಷ್ಟು ಸಣ್ಣ ಕೊರತೆಗೆ ಇಷ್ಟೊಂದು ತಲೆಕೆಡಿಸಿಕೊಳ್ಳಬೇಕೆ ಎನ್ನಬಹುದು. ಹಲಗೆಗಳನ್ನು ಜೋಡಿಸಿ ಮಾಡಿದ ಪೀಪಾಯಿಯನ್ನು ನೆನೆಸಿಕೊಳ್ಳಿ. ಉಳಿದ ಹಲಗೆಗಳು ಎಷ್ಟೇ ಎತ್ತರವಿರಲಿ, ನೀರು ನಿಲ್ಲುವುದು ಅತಿ ಗಿಡ್ಡ ಹಲಗೆಯ ಮಟ್ಟಕ್ಕೆ. ಮಾಂಸದ ಪ್ರೋಟೀನು ಕಟ್ಟಲು ಇಪ್ಪತ್ತು ಅಮೈನೊ ಆಮ್ಲಗಳೂ ಬೇಕು; ಒಂದು ಮುಗಿದರೆ ಉಳಿದವು ಕೆಲಸಕ್ಕೆ ಬಾರದೆ, ಅವುಗಳ ಸಾರಜನಕ ಯೂರಿಕ್ ಆಮ್ಲವಾಗಿ ಹಿಕ್ಕೆಯೊಂದಿಗೆ ಹೊರಬೀಳುತ್ತದೆ. ಕೋಳಿಮನೆಯಲ್ಲಿ ಕಣ್ಣು ಉರಿಸುವ ಅಮೋನಿಯಾ ಹುಟ್ಟುವುದು ಅದರಿಂದಲೇ. ಕೋಳಿಗೆ ಗರಿ ಕಟ್ಟಲು ಗಂಧಕವುಳ್ಳ ಅಮೈನೊ ಆಮ್ಲಗಳು ಹೆಚ್ಚಾಗಿ ಬೇಕಾಗುವುದರಿಂದ ಅದರ ಮಟ್ಟಿಗೆ ಗಿಡ್ಡ ಹಲಗೆ ಮೆತಿಯೊನೀನ್. ಲೈಸೀನ್ ಅದರ ನಂತರದ್ದು.

ರಸಾಯನ ವಿಜ್ಞಾನದ ವಿದ್ಯಾರ್ಥಿಗಳಿಗೆ ಇಲ್ಲೊಂದು ಸ್ವಾರಸ್ಯವಿದೆ. ಅಮೈನೊ ಆಮ್ಲಗಳಿಗೆ ಎಡಗೈ ಬಲಗೈಗಳಂತೆ ಎಲ್ ಮತ್ತು ಡಿ ಎಂಬ ಎರಡು ರೂಪಗಳಿವೆ; ಜೀವಿಗಳ ಪ್ರೋಟೀನು ಕಟ್ಟಿರುವುದು ಎಲ್ ರೂಪದಿಂದ. ಕಾರ್ಖಾನೆಯಲ್ಲಿ ರಾಸಾಯನಿಕವಾಗಿ ತಯಾರಿಸಿದ ಮೆತಿಯೊನೀನ್ ಎರಡರ ಸಮಮಿಶ್ರಣ. ಆದರೂ ಅರ್ಧ ವ್ಯರ್ಥವಾಗುವುದಿಲ್ಲ. ಕೋಳಿಯ ಯಕೃತ್ತು ಮತ್ತು ಮೂತ್ರಪಿಂಡಗಳಲ್ಲಿರುವ ಒಂದು ಕಿಣ್ವ ಡಿ ರೂಪದಿಂದ ಅಮೈನೊ ಗುಂಪನ್ನು ಕಳಚಿ ಕೀಟೊ ಆಮ್ಲ ಮಾಡುತ್ತದೆ. ಇನ್ನೊಂದು ಕಿಣ್ವ ಅದಕ್ಕೆ ಮತ್ತೆ ಅಮೈನೊ ಗುಂಪನ್ನು ಸೇರಿಸಿ ಎಲ್ ರೂಪವನ್ನು ಕೊಡುತ್ತದೆ. ಡಿ ಲೈಸೀನ್ ಹೀಗೆ ಬದಲಾಗದು. ಆದ್ದರಿಂದ ಲೈಸೀನನ್ನು ಕೊರಿನೆಬ್ಯಾಕ್ಟೀರಿಯಂ ಗ್ಲುಟಾಮಿಕಂ ಎಂಬ ಬ್ಯಾಕ್ಟೀರಿಯಕ್ಕೆ ಸಕ್ಕರೆ ಉಣಿಸಿ ಹುದುಗು ಬರಿಸಿ ಪಡೆಯುತ್ತಾರೆ. ಬ್ಯಾಕ್ಟೀರಿಯ ಎಲ್ ರೂಪವನ್ನೇ ತಯಾರಿಸಿಕೊಡುತ್ತದೆ.

ವಿಟಮಿನ್ನುಗಳ ವಿಷಯಕ್ಕೆ ಬಂದರೆ, ಅವುಗಳ ಇತಿಹಾಸಕ್ಕೆ ಕೋಳಿಯ ಋಣ ದೊಡ್ಡದು. 1890ರ ದಶಕದಲ್ಲಿ ಜಾವಾದಲ್ಲಿ ಕ್ರಿಸ್ಟಿಯಾನ್ ಐಕ್‌ಮನ್ ಬೆರಿಬೆರಿಯ ಕಾರಣದ ಸುಳಿವು ಹಿಡಿದದ್ದು ಪಾಲಿಷ್ ಮಾಡಿದ ಅಕ್ಕಿಯ ಅನ್ನ ತಿಂದು ಕಾಲು ಸೋತ ಕೋಳಿಗಳಿಂದ. ಡೆನ್ಮಾರ್ಕಿನ ಹೆನ್ರಿಕ್ ಡಾಮ್ ಕೊಬ್ಬಿಲ್ಲದ ಆಹಾರ ತಿಂದ ಮರಿಗಳಲ್ಲಿ ರಕ್ತ ಹೆಪ್ಪುಗಟ್ಟದಿರುವುದನ್ನು ಕಂಡು ವಿಟಮಿನ್ ಕೆ ಗುರುತಿಸಿದರು. ಇಬ್ಬರಿಗೂ ನೊಬೆಲ್ ಬಂತು, 1929 ಮತ್ತು 1943ರಲ್ಲಿ. ಹಿತ್ತಲಲ್ಲಿ ಕೆದಕಿ ತಿನ್ನುವ ನಾಟಿ ಕೋಳಿಗೆ ಸೊಪ್ಪು, ಹುಳು, ಬಿಸಿಲು ಎಲ್ಲವೂ ದೊರಕುತ್ತವೆ. ಸೂರಿನಡಿ ಬೆಳೆಯುವ ಬ್ರಾಯ್ಲರ್‌ಗೆ ಅದಾವುದೂ ಇಲ್ಲ. ವಿಟಮಿನ್ ಡಿ ಸಾಲದಿದ್ದರೆ ಮೂಳೆ ಮೆದುವಾಗಿ ಕುಸಿದು ಕೂರುತ್ತದೆ. ಅದೂ ಡಿ3 ರೂಪದಲ್ಲೇ ಬೇಕು, ಏಕೆಂದರೆ ಸಸ್ಯಮೂಲದ ಡಿ2 ಕೋಳಿಗೆ ಸರಿಯಾಗಿ ಒದಗುವುದಿಲ್ಲ. ರೈಬೊಫ್ಲೇವಿನ್ ಸಾಲದಿದ್ದರೆ ಬೆರಳು ಒಳಕ್ಕೆ ಸುರುಟುತ್ತವೆ, ಮ್ಯಾಂಗನೀಸ್ ಸಾಲದಿದ್ದರೆ ಹಿಮ್ಮಡಿಯ ಸ್ನಾಯುರಜ್ಜು ಜಾರುತ್ತದೆ.

ಇವುಗಳ ನಡುವೆ ನಿಲ್ಲುವ ಪೂರಕವೊಂದಿದೆ, ಫೈಟೇಸ್ ಕಿಣ್ವ. ಇದು ತಾನು ಪೋಷಕವಲ್ಲ, ಆದರೆ ಇದ್ದ ಪೋಷಕವನ್ನು ಬಿಡಿಸಿಕೊಡುತ್ತದೆ. ಧಾನ್ಯ, ಹಿಂಡಿಗಳಲ್ಲಿರುವ ರಂಜಕದ ಸುಮಾರು ಮೂರನೇ ಎರಡು ಪಾಲು ಫೈಟಿಕ್ ಆಮ್ಲದಲ್ಲಿ ಬಂಧಿತವಾಗಿರುತ್ತದೆ. ಒಂದು ಅಣುವಿನಲ್ಲಿ ಆರು ಫಾಸ್ಫೇಟ್ ಗುಂಪುಗಳು. ಕೋಳಿಗೆ ಅವನ್ನು ಕಳಚುವ ಶಕ್ತಿ ತೀರ ಕಡಿಮೆ. ಸಾಲದೆಂದು ಹೊರಗಿನಿಂದ ಡೈಕ್ಯಾಲ್ಸಿಯಂ ಫಾಸ್ಫೇಟ್ ಹಾಕಬೇಕು, ಜೀರ್ಣವಾಗದ ರಂಜಕ ಹಿಕ್ಕೆಯ ಮೂಲಕ ಹೊಲ ಸೇರಿ, ಮಳೆನೀರಿನೊಂದಿಗೆ ಕೆರೆ ಸೇರಿ ಪಾಚಿ ಬೆಳೆಸುತ್ತದೆ. ಆಸ್ಪರ್ಜಿಲಸ್ ನೈಗರ್ ಶಿಲೀಂಧ್ರದ ಫೈಟೇಸ್ 1991ರಲ್ಲಿ ಮಾರುಕಟ್ಟೆಗೆ ಬಂದ ಮೇಲೆ ಈ ಎರಡು ನಷ್ಟಗಳೂ ಕಡಿಮೆಯಾದವು. ರಾಗಿಯನ್ನು ಮೊಳಕೆ ಕಟ್ಟಿ ಹಿಟ್ಟು ಮಾಡುವ ನಮ್ಮ ಮನೆಗಳಲ್ಲಿ ನಡೆಯುವುದೂ ಇದೇ ಕ್ರಿಯೆ. ಅಲ್ಲಿ ಫೈಟೇಸನ್ನು ಕಾಳೇ ಒದಗಿಸುತ್ತದೆ.

ಪ್ರತಿಜೈವಿಕದ ಕಥೆ

ಎರಡನೆಯ ಬಗೆಯ ಕಥೆ ಶುರುವಾದದ್ದು ಆಕಸ್ಮಿಕವಾಗಿ. ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಸಂಶೋಧನಾ ನಿರ್ದೇಶಕರಾಗಿದ್ದವರು ಆಂಧ್ರದ ಭೀಮಾವರಂ ಮೂಲದ ಯಲ್ಲಾಪ್ರಗಡ ಸುಬ್ಬರಾವ್. ಅವರ ನಿರ್ದೇಶನದಲ್ಲಿ ಬೆಂಜಮಿನ್ ಡಗ್ಗರ್ ಅವರು ಆರಿಯೊಮೈಸಿನ್ ಎಂಬ ಪ್ರತಿಜೈವಿಕವನ್ನು ಕಂಡುಹಿಡಿದು 1948ರಲ್ಲಿ ಪ್ರಕಟಿಸಿದರು. ಅದೇ ವರ್ಷದ ಕೊನೆಗೆ ಅಲ್ಲಿಯ ಥಾಮಸ್ ಜ್ಯೂಕ್ಸ್ ಮತ್ತು ರಾಬರ್ಟ್ ಸ್ಟಾಕ್‌ಸ್ಟಾಡ್ ಮರಿಗಳಿಗೆ ವಿಟಮಿನ್ ಬಿ12 ಮೂಲವೆಂದು ಆರಿಯೊಮೈಸಿನ್ ತಯಾರಿಕೆಯಲ್ಲಿ ಉಳಿದ ಗಷ್ಟನ್ನು ತಿನ್ನಿಸಿ ನೋಡಿದರು. ಮರಿಗಳು ಬಿ12ರಿಂದ ನಿರೀಕ್ಷಿಸಿದ್ದಕ್ಕಿಂತ ಹೆಚ್ಚು ಬೆಳೆದವು. ಗಷ್ಟಿನಲ್ಲಿ ಉಳಿದಿದ್ದ ಅಲ್ಪ ಪ್ರತಿಜೈವಿಕವೇ ಅದಕ್ಕೆ ಕಾರಣವೆಂದು ಆಮೇಲೆ ತಿಳಿಯಿತು. 1950ರ ದಶಕದಲ್ಲಿ ಟನ್ನಿಗೆ ಕೆಲವೇ ಗ್ರಾಂ ಪ್ರತಿಜೈವಿಕ ಬೆರೆಸುವುದು ವಾಡಿಕೆಯಾಯಿತು.

ಅದು ಬೆಳವಣಿಗೆಯನ್ನು ಹೆಚ್ಚಿಸಿದ್ದು ಹೇಗೆ? ಇಂಗ್ಲೆಂಡಿನ ಮರೀ ಕೋಟ್ಸ್ ಮತ್ತು ಸಂಗಡಿಗರು ಹುಟ್ಟಿನಿಂದಲೇ ಸೂಕ್ಷ್ಮಜೀವಿಗಳಿಲ್ಲದಂತೆ ಸಾಕಿದ ಮರಿಗಳಿಗೆ ಪ್ರತಿಜೈವಿಕ ತಿನ್ನಿಸಿದಾಗ ಬೆಳವಣಿಗೆ ಹೆಚ್ಚಲಿಲ್ಲ. ಅಂದರೆ ಔಷಧ ಕೆಲಸ ಮಾಡುವುದು ಕೋಳಿಯ ಮೇಲಲ್ಲ, ಕರುಳಿನ ಸೂಕ್ಷ್ಮಜೀವಿಗಳ ಮೇಲೆ. ಹಳೆಯ, ಹಲವು ಬಾರಿ ಕೋಳಿ ಸಾಕಿದ ಮನೆಗಳಲ್ಲಿ ಲಾಭ ಹೆಚ್ಚು, ಹೊಸ ಸ್ವಚ್ಛ ಮನೆಗಳಲ್ಲಿ ಕಡಿಮೆ ಎಂಬುದೂ ಕಂಡುಬಂತು. ಈ ಮಾತನ್ನು ನೀವು ಸ್ವಲ್ಪ ನಿಂತು ಯೋಚಿಸಬೇಕು. ಮೆತಿಯೊನೀನ್ ತುಂಬುವುದು ಧಾನ್ಯದ ಕೊರತೆಯನ್ನು. ಪ್ರತಿಜೈವಿಕ ತುಂಬುತ್ತಿದ್ದದ್ದು ಬಹುಪಾಲು ಸಾಕಣೆಯ ಕೊರತೆಯನ್ನು.

ಬೆಲೆ ತೆತ್ತವರು ಬೇರೆಯವರು. 1976ರಲ್ಲಿ ಅಮೆರಿಕದ ಸ್ಟುವರ್ಟ್ ಲೆವಿ ಮತ್ತು ಸಂಗಡಿಗರು ಬಾಸ್ಟನ್ ಬಳಿಯ ಒಂದು ಫಾರಮ್ಮಿನಲ್ಲಿ ನಡೆಸಿದ ಪ್ರಯೋಗ ಪ್ರಕಟವಾಯಿತು. ಮುನ್ನೂರರಷ್ಟು ಕೋಳಿಗಳಲ್ಲಿ ಅರ್ಧಕ್ಕೆ ಆಕ್ಸಿಟೆಟ್ರಾಸೈಕ್ಲಿನ್ ಬೆರೆಸಿದ ಆಹಾರ ಕೊಟ್ಟರು. ಒಂದು ವಾರದೊಳಗೆ ಆ ಕೋಳಿಗಳ ಕರುಳಿನಲ್ಲಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಗಳೇ ತುಂಬಿಕೊಂಡವು. ಐದಾರು ತಿಂಗಳಲ್ಲಿ ಆ ಔಷಧವನ್ನು ಸೇವಿಸದ ಮನೆಮಂದಿಯ ಮಲದ ಮಾದರಿಗಳಲ್ಲೂ ಅಂಥವು ಕಂಡವು: ಶೇ. 31.3 ಮಾದರಿಗಳಲ್ಲಿ ಪ್ರತಿರೋಧಿ ಬ್ಯಾಕ್ಟೀರಿಯಗಳ ಪಾಲು ಶೇ. 80ನ್ನು ಮೀರಿತ್ತು. ನೆರೆಹೊರೆಯವರಲ್ಲಿ ಅಂಥ ಮಾದರಿಗಳು ಶೇ. 6.8 ಮಾತ್ರ. ಆ ಆಹಾರ ನಿಲ್ಲಿಸಿದ ಆರು ತಿಂಗಳಲ್ಲಿ ಬಹುಪಾಲು ಮಂದಿಯಲ್ಲಿ ಅವು ಕಾಣೆಯಾದವು.

ರೋಗ ಗುಣಪಡಿಸಲು ಕೊಡುವ ಪೂರ್ಣ ಪ್ರಮಾಣಕ್ಕಿಂತ ದಿನವೂ ಕೊಡುವ ಅಲ್ಪ ಪ್ರಮಾಣ ಅಪಾಯಕಾರಿ ಏಕೆಂದರೆ, ಅದು ದುರ್ಬಲ ಬ್ಯಾಕ್ಟೀರಿಯಗಳನ್ನಷ್ಟೇ ತೆಗೆದು ಗಟ್ಟಿಯಾದವಕ್ಕೆ ಜಾಗ ಮಾಡಿಕೊಡುತ್ತದೆ. ಪ್ರತಿರೋಧದ ಜೀನು ಪ್ಲಾಸ್ಮಿಡ್ ಮೇಲಿದ್ದರೆ ಒಂದು ಜಾತಿಯ ಬ್ಯಾಕ್ಟೀರಿಯದಿಂದ ಇನ್ನೊಂದಕ್ಕೂ ದಾಟುತ್ತದೆ. 2015ರ ನವೆಂಬರಿನಲ್ಲಿ ಚೀನಾದ ವಿಜ್ಞಾನಿಗಳು ವರದಿ ಮಾಡಿದ ಎಂಸಿಆರ್-1 ಅಂಥದೇ ಜೀನು. ಅದು ಸೋಲಿಸುವುದು ಕೊಲಿಸ್ಟಿನ್ನನ್ನು. ಬೇರೆ ಯಾವ ಔಷಧವೂ ನಾಟದಾಗ ತೀವ್ರ ನಿಗಾ ಘಟಕದ ವೈದ್ಯರು ಕೊನೆಗೆ ಕೈಯಿಡುವ ಔಷಧ ಅದು. ಅದನ್ನೇ ಹಂದಿ, ಕೋಳಿಗಳ ಆಹಾರಕ್ಕೂ ಬೆರೆಸುತ್ತಿದ್ದರು.

ಸ್ವೀಡನ್ 1986ರಲ್ಲಿ ಬೆಳವಣಿಗೆಗಾಗಿ ಪ್ರತಿಜೈವಿಕ ಬೆರೆಸುವುದನ್ನು ನಿಷೇಧಿಸಿತು. ಯುರೋಪ್ ಒಕ್ಕೂಟ 2006ರ ಜನವರಿ 1ರಿಂದ ಪೂರ್ಣವಾಗಿ ನಿಲ್ಲಿಸಿತು. ನಮ್ಮಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 2014ರಲ್ಲಿ 70 ಕೋಳಿ ಮಾದರಿಗಳನ್ನು ಪರೀಕ್ಷಿಸಿದಾಗ ಶೇ. 40ರಲ್ಲಿ ಪ್ರತಿಜೈವಿಕಗಳ ಶೇಷ ಸಿಕ್ಕಿತು. 2019ರ ಜುಲೈನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೂ ಅವುಗಳ ಆಹಾರ ಪೂರಕಗಳಿಗೂ ಕೊಲಿಸ್ಟಿನ್ ತಯಾರಿಸಿ ಮಾರುವುದನ್ನು ನಿಷೇಧಿಸಿತು.

ಬಿಟ್ಟರೆ ನಷ್ಟವೆಷ್ಟು?

ಡೆನ್ಮಾರ್ಕಿನ ಬ್ರಾಯ್ಲರ್ ಸಾಕಣೆದಾರರು 1998ರ ಆರಂಭದಲ್ಲಿ ತಾವಾಗಿಯೇ ಇದನ್ನು ಕೈಬಿಟ್ಟರು. ಕೋಳಿಗಳ ಸಾವಿನಲ್ಲಾಗಲಿ ತೂಕದಲ್ಲಾಗಲಿ ಗಮನಿಸುವಂಥ ವ್ಯತ್ಯಾಸ ಬರಲಿಲ್ಲ. ಆಹಾರ ಪರಿವರ್ತನೆ ಮಾತ್ರ ಶೇ. 1ಕ್ಕಿಂತ ಕಡಿಮೆ ಕೆಟ್ಟಿತು. ಇದನ್ನು ಕಿಲೋಗಳಲ್ಲಿ ನೋಡೋಣ. ತಲಾ ಎರಡು ಕಿಲೋದ ಸಾವಿರ ಕೋಳಿ, ಒಂದು ಕಿಲೋ ತೂಕಕ್ಕೆ 1.7 ಕಿಲೋ ಆಹಾರವೆಂದರೆ ಒಟ್ಟು 3400 ಕಿಲೋ. ಅದರ ಶೇ. 1 ಎಂದರೆ 34 ಕಿಲೋ, ಒಂದು ಚೀಲಕ್ಕೂ ಕಡಿಮೆ. ಡೆನ್ಮಾರ್ಕಿನಲ್ಲಿ ಔಷಧದ ಹಣ ಉಳಿದದ್ದು ಈ ಖರ್ಚನ್ನು ಸರಿದೂಗಿಸಿತು. ಅಲ್ಲಿಯ ಕೋಳಿಮನೆಗಳು ಅಚ್ಚುಕಟ್ಟಾದವು ಎಂಬುದನ್ನು ಮಾತ್ರ ಮರೆಯಬಾರದು. ನೀರು ಸೋರಿ ಭತ್ತದ ಹೊಟ್ಟಿನ ಹಾಸು ಒದ್ದೆಯಾದ ಮನೆಯಲ್ಲಿ ಲೆಕ್ಕ ಬೇರೆಯಾಗಬಹುದು.

ಬದಲಿಗೆ ಬಂದವುಗಳಲ್ಲಿ ಸಾವಯವ ಆಮ್ಲಗಳು, ಸಸ್ಯಸಾರಗಳು, ಪ್ರೋಬಯಾಟಿಕ್‌ಗಳು ಇವೆ. ಪ್ರೋಬಯಾಟಿಕ್ ಹಿಂದಿನ ಯೋಚನೆ ಸೊಗಸಾದದ್ದು. ಯಂತ್ರದಲ್ಲಿ ಒಡೆದ ಮರಿ ತಾಯಿಯನ್ನು ಕಾಣುವುದೇ ಇಲ್ಲ. ತಾಯಿಯ ಜೊತೆ ಕೆದಕುತ್ತ ಪಡೆಯಬೇಕಾದ ಒಳ್ಳೆಯ ಸೂಕ್ಷ್ಮಜೀವಿಗಳು ಅದಕ್ಕೆ ಸಿಗುವುದಿಲ್ಲ. ಫಿನ್ಲೆಂಡಿನ ಎಸ್ಕೊ ನುರ್ಮಿ 1973ರಲ್ಲಿ ತೋರಿಸಿದಂತೆ, ಬೆಳೆದ ಕೋಳಿಯ ಕರುಳಿನ ಸೂಕ್ಷ್ಮಜೀವಿಗಳನ್ನು ಆಗತಾನೆ ಹುಟ್ಟಿದ ಮರಿಗೆ ಕೊಟ್ಟರೆ ಸಾಲ್ಮೊನೆಲ್ಲ ಅಲ್ಲಿ ನೆಲೆಯೂರುವುದು ಕಷ್ಟ. ಜಾಗ ಮೊದಲೇ ಭರ್ತಿಯಾಗಿರುತ್ತದೆ. ಆದರೆ ಮಾರುಕಟ್ಟೆಯ ಪ್ಯಾಕೆಟ್ಟುಗಳೆಲ್ಲ ಒಂದೇ ಗುಣದವಲ್ಲ, ಫಲಿತಾಂಶಗಳೂ ಏರುಪೇರು.

ನಿಮ್ಮ ಊರಿನ ಕೋಳಿ ಫಾರಮ್ಮಿಗೆ ವಿದ್ಯಾರ್ಥಿಗಳನ್ನು ಕರೆದೊಯ್ದರೆ ಆಹಾರದ ಚೀಲಕ್ಕೆ ಹೊಲಿದ ಚೀಟಿಯನ್ನು ಓದಿಸಿ. ಗುತ್ತಿಗೆ ಪದ್ಧತಿಯಲ್ಲಿ ಮರಿ, ಆಹಾರ, ಔಷಧ ಮೂರನ್ನೂ ಕಂಪನಿಯೇ ಕಳಿಸುವುದರಿಂದ ಸಾಕುವ ರೈತರಿಗೂ ಚೀಲದೊಳಗಿನ ವಿವರ ತಿಳಿಯಲು ಆ ಚೀಟಿಯೇ ದಾರಿ. ಮೆತಿಯೊನೀನ್, ಲೈಸೀನ್, ಕೋಲೀನ್, ಫೈಟೇಸ್ ಎಂದಿದ್ದರೆ ಅವು ಮೊದಲ ಬಗೆಯವು ಅಥವಾ ಅವುಗಳ ನೆಂಟರು. ಸ್ಯಾಲಿನೊಮೈಸಿನ್, ಮೊನೆನ್ಸಿನ್ ಎಂದಿದ್ದರೆ ಗಾಬರಿ ಬೇಡ: ರಕ್ತಭೇದಿ ತರುವ ಐಮೀರಿಯ ಎಂಬ ಏಕಕೋಶ ಪರಾವಲಂಬಿಯನ್ನು ತಡೆಯುವ ಇವುಗಳನ್ನು ಮನುಷ್ಯರ ಚಿಕಿತ್ಸೆಯಲ್ಲಿ ಬಳಸುವುದಿಲ್ಲ. ಆದರೆ ಕುದುರೆಗೆ ಇವು ವಿಷ, ಚೀಲದಲ್ಲಿ ಮಿಕ್ಕದ್ದನ್ನು ಅದಕ್ಕೆ ಹಾಕಬಾರದು. ಟೆಟ್ರಾಸೈಕ್ಲಿನ್ ಗುಂಪಿನ ಹೆಸರು ಕಂಡರೆ ಯಾವ ರೋಗಕ್ಕೆ, ಎಷ್ಟು ದಿನಕ್ಕೆ, ಯಾವ ಪಶುವೈದ್ಯರ ಸಲಹೆಯಂತೆ, ಮಾರುವ ಎಷ್ಟು ದಿನ ಮೊದಲು ನಿಲ್ಲಿಸಬೇಕು ಎಂದು ವಿಚಾರಿಸಿ. ಕೊಲಿಸ್ಟಿನ್ ಎಂದಿದ್ದರೆ ಚೀಟಿಯ ಮೇಲಿನ ತಯಾರಿಕೆಯ ದಿನಾಂಕವನ್ನೂ ಬರೆದುಕೊಳ್ಳಿ.