ಹೆಸರಾಂತರಿಗೆ ಇಮೇಲ್: ತಪ್ಪು ಕಲ್ಪನೆ ಮತ್ತು ವಾಸ್ತವ

ನವೆಂಬರ್ ಹತ್ತಿರ ಬಂತೆಂದರೆ ಹೆಸರು ಮಾಡಿದ ಸಾಹಿತಿಗಳಿಗೆ ಆಹ್ವಾನಗಳ ಸುಗ್ಗಿ. ರಾಜ್ಯೋತ್ಸವಕ್ಕೆ ಮುಖ್ಯ ಅತಿಥಿಯಾಗಿ ಬಂದು ಕಾರ್ಯಕ್ರಮಕ್ಕೆ ಶೋಭೆ ತರಬೇಕೆಂದು ಸಂಘಗಳು ಇಮೇಲ್ ಕಳಿಸುತ್ತವೆ. ಸಂಘ ಹುಟ್ಟಿದ ವರ್ಷ, ಪದಾಧಿಕಾರಿಗಳ ಪಟ್ಟಿ, ಹಿಂದೆ ಬಂದುಹೋದ ಗಣ್ಯರ ಹೆಸರು ಎಲ್ಲವೂ ಅದರಲ್ಲಿರುತ್ತದೆ. ಕಾರ್ಯಕ್ರಮ ಯಾವತ್ತು, ಎಷ್ಟು ಹೊತ್ತು ಮಾತಾಡಬೇಕು, ಹೋಗಿಬರುವ ವ್ಯವಸ್ಥೆ ಯಾರದು ಎಂಬುದು ಮಾತ್ರ ಇರುವುದಿಲ್ಲ. (ಸಂಭಾವನೆಯ ಮಾತಂತೂ ಎತ್ತುವ ಹಾಗೇ ಇಲ್ಲ!) ಬೇಸಿಗೆ ರಜೆಗೆ ಮುಂಚೆ ವಿಜ್ಞಾನ ಸಂಸ್ಥೆಗಳ ಪ್ರಾಧ್ಯಾಪಕರಿಗೆ ಇಂಟರ್ನ್‌ಶಿಪ್ ಕೇಳಿ ಬರುವ ಮೇಲ್‌ಗಳ ಪಾಡೂ ಇದೇ. ಉತ್ತರ ಬಾರದಿದ್ದಾಗ, ದೊಡ್ಡವರ ಕಣ್ಣಿಗೆ ನಮ್ಮಂಥವರು ಬೀಳುವುದಿಲ್ಲ ಎಂದು ಬೈದುಕೊಳ್ಳುತ್ತೇವೆ. ಆದರೆ ಇದಕ್ಕೆ ಏನೆಂದು ಉತ್ತರ ಬರೆಯಲಿ ಎಂದು ತಿಳಿಯದೆ ಅವರು ಮುಂದಕ್ಕೆ ಹೋಗಿರುವ ಸಾಧ್ಯತೆಯೇ ಹೆಚ್ಚು.

ತಪ್ಪು ಕಲ್ಪನೆ: ದೊಡ್ಡವರು ಇಮೇಲ್ ಓದುವುದೇ ಇಲ್ಲ.

ಎಲ್ಲವನ್ನೂ ಓದುವುದಿಲ್ಲ, ನಿಜ. ಆದರೆ ಅಮೆಜಾನ್‌ನ ಮುಖ್ಯಸ್ಥರಾಗಿದ್ದಾಗ ಜೆಫ್ ಬೆಜೋಸ್ ತಮ್ಮ ಇಮೇಲ್ ವಿಳಾಸವನ್ನು ಗ್ರಾಹಕರಿಗೆ ತೆರೆದೇ ಇಟ್ಟಿದ್ದರು. ಬಂದ ದೂರುಗಳಲ್ಲಿ ಗಂಭೀರ ಅನ್ನಿಸಿದ್ದನ್ನು ಬರೀ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಸಂಬಂಧಪಟ್ಟ ಅಧಿಕಾರಿಗೆ ದಾಟಿಸುತ್ತಿದ್ದರು. ಅಷ್ಟಕ್ಕೇ ಆ ವಿಭಾಗದವರ ನಿದ್ದೆ ಹಾರುತ್ತಿತ್ತು. ನಮ್ಮಲ್ಲಿ ಮಂತ್ರಿಗಳ, ಹಿರಿಯ ಅಧಿಕಾರಿಗಳ ಮೇಲ್ ಮೊದಲು ತೆರೆಯುವವರು ಸಾಮಾನ್ಯವಾಗಿ ಅವರ ಪಿ.ಎ. ಅವರು ಸಾಹೇಬರ ಮುಂದೆ ಒಂದೇ ಉಸಿರಿಗೆ ಹೇಳಿಬಿಡಬಹುದಾದ ಹಾಗೆ ವಿಷಯ ಇದ್ದರೆ ಅರ್ಧ ಕೆಲಸ ಆದಂತೆಯೇ. ಲೇಖಕರು, ವಿಜ್ಞಾನಿಗಳು ಬಹುಮಟ್ಟಿಗೆ ತಾವೇ ಓದಿಕೊಳ್ಳುತ್ತಾರೆ.

ತಪ್ಪು ಕಲ್ಪನೆ: ಪೀಠಿಕೆ ಉದ್ದ ಇದ್ದಷ್ಟೂ ವಿನಯ ಹೆಚ್ಚು.

ಶಾಲೆಯಲ್ಲಿ ಕಲಿತ ಪತ್ರಲೇಖನ ನಮ್ಮನ್ನು ಬಿಟ್ಟಿಲ್ಲ. ‘ಇಂದ’, ‘ಗೆ’, ‘ಮಾನ್ಯರೇ’ ಎಲ್ಲ ಮುಗಿದ ಮೇಲೆ ‘ಈ ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ’ ಎಂದು ರಾಗ ಎಳೆಯುತ್ತೇವೆ. ತಾಲ್ಲೂಕು ಕಚೇರಿಯ ಅರ್ಜಿಗೆ ಅದು ಸರಿ. ಅಲ್ಲಿ ಕಾಗದ ಕಡತಕ್ಕೆ ಸೇರಬೇಕು. ಇಮೇಲ್ ತೆರೆಯುವ ಮುಂಚೆ ಫೋನಿನ ಪರದೆಯಲ್ಲಿ ಕಾಣುವುದು ನಿಮ್ಮ ಹೆಸರು, ವಿಷಯದ ಸಾಲು, ಒಳಗಿನ ಮೊದಲ ಕೆಲವು ಪದ, ಇಷ್ಟೇ. ಆ ಜಾಗವನ್ನೆಲ್ಲ ‘ವಿನಂತಿಸಿಕೊಳ್ಳುವುದೇನೆಂದರೆ’ ನುಂಗಿಬಿಟ್ಟರೆ, ಏನು ವಿನಂತಿ ಎಂದು ತೆರೆದು ನೋಡುವಷ್ಟು ಪುರುಸೊತ್ತು ಎಲ್ಲರಿಗೂ ಇರುವುದಿಲ್ಲ. ‘ನಮಸ್ಕಾರ ಸರ್’ ಅಥವಾ ‘ನಮಸ್ಕಾರ ಮೇಡಂ’ ಎಂದು ಬರೆದು ಮರುಸಾಲಿನಲ್ಲೇ ವಿಷಯಕ್ಕೆ ಬಂದರೆ ಯಾರೂ ಉದ್ಧಟತನ ಅಂದುಕೊಳ್ಳುವುದಿಲ್ಲ.

ಹೊಗಳಿಕೆಗೂ ಇದೇ ಮಾತು. ‘ತಾವು ನಾಡಿನ ಹೆಮ್ಮೆ’ ಎಂಬುದನ್ನು ಯಾರಿಗೆ ಬೇಕಾದರೂ ಬರೆಯಬಹುದು, ಹಾಗಾಗಿ ಅದು ಯಾರಿಗೂ ತಟ್ಟುವುದಿಲ್ಲ. ಅವರ ಒಂದು ಕಥೆಯ ಯಾವ ಪಾತ್ರ ನಿಮ್ಮನ್ನು ಕಾಡಿತು ಎಂದು ಒಂದು ಸಾಲು ಬರೆದರೆ, ಓದಿಯೇ ಬರೆದಿದ್ದೀರಿ ಎಂಬುದು ಗೊತ್ತಾಗುತ್ತದೆ.

ತಪ್ಪು ಕಲ್ಪನೆ: ನನ್ನ ಕಷ್ಟಸುಖವೆಲ್ಲ ತಿಳಿದರೇ ಅವರಿಗೆ ಮನಸ್ಸು ಕರಗುವುದು.

ಇದಕ್ಕೆ 1913ರ ಜನವರಿ 16ರಂದು ಮದ್ರಾಸಿನಿಂದ ಹೊರಟ ಒಂದು ಕಾಗದವನ್ನು ನೋಡಬೇಕು. ಬರೆದವರು ಶ್ರೀನಿವಾಸ ರಾಮಾನುಜನ್. ಯಾರಿಗೆಂದರೆ ಕೇಂಬ್ರಿಜ್‌ನ ಗಣಿತಜ್ಞ ಜಿ.ಎಚ್. ಹಾರ್ಡಿಗೆ. ರಾಮಾನುಜನ್‌ಗೆ ಹೇಳಿಕೊಳ್ಳಲು ಕಷ್ಟಗಳೇನು ಕಡಿಮೆ ಇರಲಿಲ್ಲ. ಕಾಲೇಜಿನಲ್ಲಿ ಫೇಲಾಗಿದ್ದರು, ಬಡತನವಿತ್ತು, ಆರೋಗ್ಯ ಆಗಾಗ ಕೈಕೊಟ್ಟಿತ್ತು. ಕಾಗದದಲ್ಲಿ ಬಂದದ್ದು ಕೆಲವೇ ಸಾಲು: ಪೋರ್ಟ್ ಟ್ರಸ್ಟ್‌ನ ಲೆಕ್ಕಪತ್ರ ವಿಭಾಗದಲ್ಲಿ ಗುಮಾಸ್ತ, ವರ್ಷಕ್ಕೆ 20 ಪೌಂಡ್ ಸಂಬಳ, ವಿಶ್ವವಿದ್ಯಾಲಯದ ಓದು ಇಲ್ಲ, ಬಿಡುವಿನಲ್ಲಿ ಗಣಿತ ಮಾಡುತ್ತೇನೆ. ಆಮೇಲೆ ಪುಟಗಟ್ಟಲೆ ಪ್ರಮೇಯಗಳು. ಹಾರ್ಡಿ ಅವನ್ನು ಸಹೋದ್ಯೋಗಿ ಲಿಟಲ್‌ವುಡ್‌ಗೆ ತೋರಿಸಿದರು, ಇಬ್ಬರೂ ಕೂತು ನೋಡಿದರು. ಫೆಬ್ರವರಿ 8ಕ್ಕೆ ಹಾರ್ಡಿಯ ಉತ್ತರ ಹೊರಟಿತು. ಪ್ರಮೇಯಗಳ ಸಾಧನೆಗಳನ್ನು (ಪ್ರೂಫ್) ಕಳಿಸಿ ಎಂದು ಅವರು ಕೇಳಿದ್ದರು.

ಈ ಕಥೆ ಹೇಳುವವರು ಇನ್ನೊಂದು ಸಂಗತಿಯನ್ನು ಬಿಟ್ಟುಬಿಡುತ್ತಾರೆ. ಹಾರ್ಡಿಗೆ ಮುಂಚೆ ರಾಮಾನುಜನ್ ಕೇಂಬ್ರಿಜ್‌ನ ಗಣಿತಜ್ಞರಾದ ಬೇಕರ್ ಮತ್ತು ಹಾಬ್ಸನ್ ಅವರಿಗೂ ಬರೆದಿದ್ದರು. ಏನೂ ಪ್ರಯೋಜನವಾಗಲಿಲ್ಲ. ಒಳ್ಳೆಯ ಪತ್ರಕ್ಕೂ ಸರಿಯಾದ ಓದುಗ ಸಿಗಬೇಕು. ಯಾರ ಹೆಸರು ದೊಡ್ಡದು ಎಂದು ನೋಡುವುದಕ್ಕಿಂತ ನಮ್ಮ ವಿಷಯ ಯಾರ ಕೆಲಸಕ್ಕೆ ಹತ್ತಿರ ಎಂದು ಹುಡುಕುವುದರಲ್ಲಿ ಹೆಚ್ಚು ಹೊತ್ತು ಕಳೆಯಬೇಕು ಎಂದು ನನಗನ್ನಿಸುವುದು ಇದಕ್ಕೇ.

ತಪ್ಪು ಕಲ್ಪನೆ: ಚಿಕ್ಕದಾದಷ್ಟೂ ಒಳ್ಳೆಯದು.

‘ಸರ್, ನಿಮ್ಮ ಕೈಕೆಳಗೆ ಪ್ರಾಜೆಕ್ಟ್ ಮಾಡಬೇಕು, ದಯವಿಟ್ಟು ತಿಳಿಸಿ.’ ಇದೂ ಚಿಕ್ಕದೇ. ಏನೆಂದು ತಿಳಿಸುವುದು? ಪರಿಚಯವನ್ನು ಮೊಟಕು ಮಾಡಿ, ಮಾಡಿದ ಕೆಲಸದ ವಿವರವನ್ನಲ್ಲ.

ತಪ್ಪು ಕಲ್ಪನೆ: ‘ಮಾರ್ಗದರ್ಶನ ನೀಡಿ’ ಎಂದರೆ ಸಾಕು, ಉಳಿದದ್ದು ಅವರಿಗೇ ಅರ್ಥವಾಗುತ್ತದೆ.

ಅರ್ಥವಾಗುವುದಿಲ್ಲ. 1924ರ ಜೂನ್ 4ರಂದು ಢಾಕಾದಿಂದ ಭೌತವಿಜ್ಞಾನಿ ಸತ್ಯೇಂದ್ರನಾಥ ಬೋಸ್ ಐನ್‌ಸ್ಟೈನ್‌ಗೆ ಬರೆದಾಗ ಕೇಳಿದ್ದು ಸ್ಪಷ್ಟವಾಗಿತ್ತು: ಇದರೊಂದಿಗೆ ಇರುವ ಲೇಖನವನ್ನು ನೋಡಿ, ಅನುವಾದಿಸುವಷ್ಟು ಜರ್ಮನ್ ನನಗೆ ಬಾರದು, ಯೋಗ್ಯವೆನಿಸಿದರೆ ಇಂಥ ಜರ್ಮನ್ ಪತ್ರಿಕೆಯಲ್ಲಿ ಪ್ರಕಟವಾಗುವಂತೆ ಮಾಡಿ. ಹಿಂದೆ ಐನ್‌ಸ್ಟೈನ್‌ರ ಸಾಪೇಕ್ಷತಾ ಲೇಖನವನ್ನು ಇಂಗ್ಲಿಷಿಗೆ ತಂದವನು ತಾನೇ ಎಂದು ಕೊನೆಯಲ್ಲಿ ನೆನಪಿಸಿದರು. ನಾನು ನಿಮ್ಮ ಅಭಿಮಾನಿ ಎಂದು ಹತ್ತು ಸಲ ಹೇಳಿದ್ದರೂ ಅಷ್ಟು ತೂಕ ಬರುತ್ತಿರಲಿಲ್ಲ. ಐನ್‌ಸ್ಟೈನ್ ತಾವೇ ಜರ್ಮನ್‌ಗೆ ಅನುವಾದಿಸಿ ಪ್ರಕಟಣೆಗೆ ಕಳಿಸಿದರು. ಅವರು ಬರೆದ ಪೋಸ್ಟ್‌ಕಾರ್ಡ್ ಬೋಸ್‌ಗೆ ಯುರೋಪಿಗೆ ಹೋಗಲು ರಜೆ ಸಿಗುವುದಕ್ಕೂ ನೆರವಾಯಿತು.

ನಮ್ಮ ಮಟ್ಟದಲ್ಲಿ ಇದು ಹೇಗಿರಬಹುದು? ಸಿರ್ಸಿ ಕಡೆಯ ಬಿ.ಎಸ್ಸಿ. ವಿದ್ಯಾರ್ಥಿನಿಯೊಬ್ಬಳು ಕಪ್ಪೆಗಳ ಮೇಲೆ ಕೆಲಸ ಮಾಡುವ ವಿಜ್ಞಾನಿಗೆ ಬರೆಯುತ್ತಾಳೆ ಅಂದುಕೊಳ್ಳಿ. ವಿಷಯದ ಸಾಲಿನಲ್ಲಿ ‘ವಿನಂತಿ’ ಎಂದು ಹಾಕುವ ಬದಲು ‘ಅಡಿಕೆ ತೋಟದ ಕಪ್ಪೆಯ ಕೂಗು: ಒಂದು ಪ್ರಶ್ನೆ’ ಎಂದು ಹಾಕಲಿ. ಒಳಗೆ ಹೀಗೆ:

‘ನಮಸ್ಕಾರ ಮೇಡಂ. ನಾನು ದ್ವಿತೀಯ ಬಿ.ಎಸ್ಸಿ. ವಿದ್ಯಾರ್ಥಿನಿ. ನಮ್ಮ ತೋಟದ ಕಾಲುವೆಯ ಪಕ್ಕ ಈ ಮಳೆಗಾಲ ರಾತ್ರಿ ಕೇಳಿದ ಕಪ್ಪೆಯ ಕೂಗನ್ನು ಫೋನಿನಲ್ಲಿ ರೆಕಾರ್ಡ್ ಮಾಡಿದ್ದೇನೆ. 40 ಸೆಕೆಂಡಿನ ತುಣುಕು, ಎರಡು ಫೋಟೊ ಜೊತೆಗಿವೆ. ನಿಮ್ಮ ಲೇಖನದಲ್ಲಿರುವ ವಿವರಣೆಗೆ ಕೂಗು ಹೊಂದುತ್ತದೆ, ಬೆನ್ನಿನ ಬಣ್ಣ ಹೊಂದುತ್ತಿಲ್ಲ. ಇದು ಅದೇ ಪ್ರಭೇದ ಇರಬಹುದೇ? ಹೌದು ಅಥವಾ ಅಲ್ಲ ಎಂದು ತಿಳಿಸಿದರೂ ಸಾಕು.’

ಕೊನೆಯ ವಾಕ್ಯ ನೋಡಿ. ಬಸ್ಸಿಗೆ ಕಾಯುತ್ತ ನಿಂತಲ್ಲೇ ಉತ್ತರ ಕೊಡಬಹುದು. ಇಂಟರ್ನ್‌ಶಿಪ್ಪಿನ ಮಾತು ಮೂರನೆಯ ಪತ್ರಕ್ಕೆ ಬರಲಿ, ಅಡ್ಡಿಯಿಲ್ಲ.

ತಪ್ಪು ಕಲ್ಪನೆ: ಇಂಗ್ಲಿಷಿನಲ್ಲಿ ಬರೆದರೇ ಬೆಲೆ.

ಕನ್ನಡ ಬಲ್ಲವರಿಗೆ ಕನ್ನಡದಲ್ಲೇ ಬರೆಯಿರಿ. ಕೃತಕ ಬುದ್ಧಿಮತ್ತೆಯಿಂದ ಬರೆಸಿದ ನುಣುಪಾದ ಇಂಗ್ಲಿಷ್ ಪತ್ರಗಳು ಒಂದರಂತೆ ಒಂದು ಬರುತ್ತಿರುವಾಗ ಸಾದಾ ಕನ್ನಡದ ನಾಲ್ಕು ಸಾಲು ಬೇಗ ಕಣ್ಣಿಗೆ ಬೀಳುತ್ತವೆ. ಒಂದು ಎಚ್ಚರಿಕೆ ಬೇಕು. ಹಳೆಯ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಅಕ್ಷರಗಳಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಮೇಲ್‌ಗೆ ಅಂಟಿಸಿದರೆ ಆ ಕಡೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಕಾಣುತ್ತದೆ. ಯೂನಿಕೋಡ್‌ನಲ್ಲೇ ಬರೆಯಬೇಕು. ಗೂಗಲ್ ಡ್ರೈವ್ ಕೊಂಡಿ ಕಳಿಸುವವರು ಅನುಮತಿ ತೆರೆದಿದ್ದೀರಾ ಎಂದೂ ನೋಡಿಕೊಳ್ಳಿ. ಸಹಾಯ ಕೇಳಿದ ನಿಮ್ಮನ್ನೇ ಅವರು ಅನುಮತಿ ಕೇಳುವಂತಾಗಬಾರದು.

ತಪ್ಪು ಕಲ್ಪನೆ: ಐವತ್ತು ಜನರಿಗೆ ಕಳಿಸಿದರೆ ಒಬ್ಬರಾದರೂ ಉತ್ತರಿಸುತ್ತಾರೆ.

ಐವತ್ತೂ ವಿಳಾಸ ಒಂದೇ ಸಾಲಿನಲ್ಲಿ ಕಾಣುತ್ತಿದ್ದರೆ ಪ್ರತಿಯೊಬ್ಬರೂ ಇನ್ನೊಬ್ಬರು ನೋಡಿಕೊಳ್ಳಲಿ ಎಂದು ಸುಮ್ಮನಾಗುತ್ತಾರೆ. ವಿಳಾಸಗಳನ್ನು ಮುಚ್ಚಿಟ್ಟು ಕಳಿಸಿದರೂ ಎಲ್ಲರಿಗೂ ಕಳಿಸಿದ್ದೆಂದು ಧಾಟಿಯಲ್ಲೇ ಗೊತ್ತಾಗುತ್ತದೆ.

ತಪ್ಪು ಕಲ್ಪನೆ: ಉತ್ತರ ಬರಲಿಲ್ಲವೆಂದರೆ ತಿರಸ್ಕಾರ, ಬಂದರೆ ಕೆಲಸ ಮುಗಿಯಿತು.

ಎರಡು ವಾರ ಬಿಟ್ಟು ಅದೇ ಮೇಲ್‌ನ ಕೆಳಗೆ ಒಮ್ಮೆ ನೆನಪಿಸಬಹುದು. ಮರುದಿನವೇ ವಾಟ್ಸಾಪ್‌ನಲ್ಲಿ ‘ಮೇಲ್ ನೋಡಿದ್ರಾ ಸರ್?’ ಎಂದು ಬೆನ್ನು ಬೀಳುವುದು ಬೇಡ. ಎರಡನೆಯದಕ್ಕೂ ಉತ್ತರವಿಲ್ಲದಿದ್ದರೆ ಬೇರೊಬ್ಬರನ್ನು ಹುಡುಕುವುದು, ಅಷ್ಟೇ.

ಉತ್ತರ ಬಂದವರು ಅವತ್ತೇ ಎರಡು ಸಾಲು ಕೃತಜ್ಞತೆ ಬರೆಯಬೇಕು, ಉತ್ತರ ‘ಆಗುವುದಿಲ್ಲ’ ಎಂದಿದ್ದರೂ. ಅವರು ಓದಲು ಏನಾದರೂ ಸೂಚಿಸಿದ್ದರೆ, ಓದಿದ ಮೇಲೆ ಏನಾಯಿತು ಎಂದು ತಿಳಿಸಬೇಕು. ರಾಮಾನುಜನ್ ಆ ಫೆಬ್ರವರಿಯಲ್ಲೇ ಇನ್ನಷ್ಟು ಪ್ರಮೇಯಗಳೊಂದಿಗೆ ಹಾರ್ಡಿಗೆ ಮರುಪತ್ರ ಬರೆದರು. ಇನ್ನು, ಬಂದ ಉತ್ತರದ ಸ್ಕ್ರೀನ್‌ಶಾಟ್ ತೆಗೆದು ಫೇಸ್‌ಬುಕ್ಕಿಗೆ ಹಾಕುವ ಮುಂಚೆ ಅವರನ್ನೊಂದು ಮಾತು ಕೇಳಿ. ಅವರು ಬರೆದದ್ದು ನಿಮಗೊಬ್ಬರಿಗೆ.