ಕುಡುಗೋಲಿನಾಕಾರದ ರಕ್ತಕಣ
ಮನೆತನದಿಂದ ಮಕ್ಕಳಿಗೆ ಬರುವುದು ಮೂಗು, ಮೈಬಣ್ಣಗಳು ಮಾತ್ರವಲ್ಲ, ವ್ಯಾಧಿಯೂ ಬರುವುದುಂಟು. 1952ರಲ್ಲಿ ನೀಲಗಿರಿಯ ಗಿರಿಜನರಲ್ಲಿ ಕಂಡುಬಂದ, ನಮ್ಮ ಮೈಸೂರು ಸೀಮೆಯ ಕಾಡಿನವರಲ್ಲಿಯೂ ಇರುವ ಸಿಕಲ್ ಸೆಲ್ ಎಂಬ ರಕ್ತದೋಷವು ಅಂತಹುದು. ಇದರಲ್ಲಿ ದುಂಡಗಿರಬೇಕಾದ ಕೆಂಪು ಕಣಗಳು ಕುಡುಗೋಲಿನಂತೆ ಬಾಗಿ, ಸಣ್ಣ ನಾಳಗಳಲ್ಲಿ ಸಿಕ್ಕಿಕೊಂಡು ದುಸ್ಸಹವಾದ ನೋವನ್ನುಂಟುಮಾಡುತ್ತವೆ. ಇಷ್ಟು ಕ್ರೂರವಾದುದು ವಂಶದಲ್ಲಿ ಅಳಿಯದೆ ಉಳಿದುದೇಕೆ? ಆಲಿಸನ್ ಎಂಬ ವಿದ್ವಾಂಸರು ಪೂರ್ವ ಆಫ್ರಿಕದಲ್ಲಿ ಪರಿಶೋಧಿಸಿ 1954ರಲ್ಲಿ ಉತ್ತರವಿತ್ತರು: ತಂದೆತಾಯಿಗಳಲ್ಲಿ ಒಬ್ಬರಿಂದ ಮಾತ್ರ ದೋಷವನ್ನು ಪಡೆದ ಮಗುವನ್ನು ಮಲೇರಿಯಾ ಅಷ್ಟಾಗಿ ಬಾಧಿಸಲಾರದು. ಜ್ವರದ ನಾಡಿನಲ್ಲಿ ದೋಷವೇ ಕವಚವಾಯಿತು! ಆದರೆ ಇಬ್ಬರಿಂದಲೂ ಬಂದರೆ ರೋಗ ತಪ್ಪದು; ಇಬ್ಬರೂ ದೋಷವನ್ನು ಹೊತ್ತ ದಂಪತಿಗಳಿಗೆ ಪ್ರತಿ ಗರ್ಭದಲ್ಲಿಯೂ 4ರಲ್ಲಿ 1 ಪಾಲು ಆ ಭಯ. ಜಾತಕಕ್ಕಿಂತ ಮುಂಚೆ ನೋಡಿಸಬೇಕಾದುದು ಇದನ್ನೆಂದು ನಮ್ಮ ಮತ. ಒಂದು ರಕ್ತಪರೀಕ್ಷೆಯಿಂದ ತಿಳಿದುಹೋಗುತ್ತದೆ.