ಎರೆಮಣ್ಣಿನ ದಾರಿ ಮತ್ತು ಬುಲೆಟ್ಟಿನ ಕ್ಲಚ್ಚು

ನಮ್ಮ ಆದವಾನಿ ಸೀಮೆಯ ಎರೆಭೂಮಿಯ ಗುಣವನ್ನು ಇಲ್ಲಿಯ ಓದುಗರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಬೇಸಿಗೆಯಲ್ಲಿ ಅಂಗೈ ಹಿಡಿಸುವಷ್ಟು ಬಿರುಕು ಬಿಡುವ ಆ ನೆಲವೇ ಒಂದು ಹದಮಳೆ ಬಿದ್ದೊಡನೆ ಕಾಲನ್ನು ಬಿಡದೆ ಹಿಡಿದುಕೊಳ್ಳುತ್ತದೆ. ಹತ್ತಿಯನ್ನು ಬೆಳೆಯಿಸುವ ಮಣ್ಣೇ ಚಕ್ರವನ್ನು ಕಟ್ಟಿಹಾಕುವ ಮಣ್ಣೂ ಹೌದು. ಕೋಸಿಗಿ, ಕೌತಾಳಂ, ಹೊಳಗುಂದಿ ಕಡೆಯ ಬಂಡಿದಾರಿಗಳಲ್ಲಿ ಮೋಟಾರು ಸೈಕಲ್ಲು ಇಟ್ಟುಕೊಂಡವರಿಗೆಲ್ಲ ಈ ಅನುಭವವುಂಟು. ಅಂಥ ದಾರಿಯಲ್ಲಿ ನಾನು ಕಲಿತ ಒಂದು ಪಾಠವನ್ನು ಇಲ್ಲಿ ನಿವೇದಿಸುತ್ತಿದ್ದೇನೆ.

ನಮ್ಮ ಮನೆಯಲ್ಲಿ ಅಣ್ಣನವರು 1986ರಲ್ಲಿ ಕೊಂಡ 350 ಸಿ.ಸಿ. ಬುಲೆಟ್ ಇದೆ. ಅವರ ಕಾಲಾನಂತರ ಅದು ನನ್ನ ಪಾಲಿಗೆ ಬಂದಿತು. ಕೆಲವು ವರ್ಷಗಳ ಹಿಂದೆ ಭಾದ್ರಪದ ಮಾಸದ ಒಂದು ಸಂಜೆ, ಜ್ವರದಿಂದ ಬಳಲುತ್ತಿದ್ದ ನಮ್ಮ ಅತ್ತೆಯವರನ್ನು ಹಿಂದೆ ಕೂರಿಸಿಕೊಂಡು ಆದವಾನಿಯ ಆಸ್ಪತ್ರೆಗೆ ಹೊರಟೆ. ಊರಿನಿಂದ ಡಾಂಬರು ರಸ್ತೆ ಮುಟ್ಟುವವರೆಗೆ ಮೂರು ಕಿಲೋಮೀಟರು ಎರೆಮಣ್ಣು. ಅರ್ಧ ದಾರಿಯಲ್ಲಿ ಮಡ್‌ಗಾರ್ಡಿನೊಳಗೆ ಮಣ್ಣು ತುಂಬಿ ಚಕ್ರ ಬಿಗಿಯಿತು. ನಾನು ಆಕ್ಸಿಲರೇಟರ್ ತಿರುವಿದಷ್ಟೂ ಎಂಜಿನ್ನು ಗರ್ಜಿಸಿತೇ ಹೊರತು ಗಾಡಿ ಒಂದು ಮೊಳ ಮುಂದೆ ಸರಿಯಲಿಲ್ಲ. ಕ್ಲಚ್ಚು ಜಾರುತ್ತಿತ್ತು. ಕೊನೆಗೆ ಅಣ್ಣನ ಮಗ ಟ್ರ್ಯಾಕ್ಟರು ತಂದು ಅತ್ತೆಯವರನ್ನು ಕರೆದೊಯ್ದನು. ದೇವರ ದಯೆಯಿಂದ ಅವರು ಗುಣಮುಖರಾದರು. ಆದರೆ ಆ ಒಂದು ಗಂಟೆಯ ಹೊತ್ತು ಅವರು ಮಳೆಯಲ್ಲಿ ನಡುಗುತ್ತ ಕುಳಿತಿದ್ದುದನ್ನು ನಾನು ಮರೆತಿಲ್ಲ.

ಆ ತಪ್ಪು ಗಾಡಿಯದಲ್ಲ, ನನ್ನದು. ಅದು ಹೇಗೆಂಬುದನ್ನು ತಿಳಿಯಬೇಕಾದರೆ ಮೊದಲು ಯಂತ್ರದ ಕ್ರಮವನ್ನು ತಿಳಿಯಬೇಕು.

ಎಂಜಿನ್ನಿನಿಂದ ಗಿಯರ್ ಪೆಟ್ಟಿಗೆಗೆ

ಬುಲೆಟ್ಟು ಮೂಲತಃ ಇಂಗ್ಲೆಂಡಿನ ವಿನ್ಯಾಸ. 1955ರಲ್ಲಿ ಮದರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಸಂಸ್ಥೆ ಸ್ಥಾಪಿತವಾಗಿ, ತಿರುವೊತ್ತಿಯೂರಿನ ಕಾರ್ಖಾನೆಯಿಂದ ಅದು ನಮ್ಮ ನಾಡಿನ ಗಾಡಿಯಾಯಿತು. ಎರಕದ ಕಬ್ಬಿಣದ ಸಿಲಿಂಡರುಳ್ಳ ಹಳೆಯ ಬುಲೆಟ್ಟಿನಲ್ಲಿ ಎಂಜಿನ್ನು ಬೇರೆ, ಗಿಯರ್ ಪೆಟ್ಟಿಗೆ ಬೇರೆ. ಎಡಗಡೆಯ ಎಣ್ಣೆಯ ಪೆಟ್ಟಿಗೆಯೊಳಗೆ ಎರಡು ಸಾಲಿನ ಚೈನೊಂದು ಇವೆರಡನ್ನೂ ಜೋಡಿಸುತ್ತದೆ. ಇದೇ ಪ್ರೈಮರಿ ಚೈನು. ಎಂಜಿನ್ನಿನ ಕಡೆಯ ಹಲ್ಲುಗಾಲಿಗೆ 25 ಹಲ್ಲು, ಕ್ಲಚ್ಚಿನ ಕಡೆಯದಕ್ಕೆ 56 ಹಲ್ಲು. 56ನ್ನು 25ರಿಂದ ಭಾಗಿಸಿದರೆ 2.24. ಅಂದರೆ ಎಂಜಿನ್ನು 2.24 ಸುತ್ತು ತಿರುಗಿದಾಗ ಕ್ಲಚ್ಚು ಒಂದು ಸುತ್ತು ತಿರುಗುತ್ತದೆ. ವೇಗವು ಎಷ್ಟು ಪಾಲು ಇಳಿಯಿತೋ ತಿರುಚುವ ಬಲವು ಅಷ್ಟು ಪಾಲು ಏರುತ್ತದೆ.

ಎಲ್ಲ ಗಾಡಿಗಳ ಕ್ರಮವೂ ಒಂದೇ ಅಲ್ಲ. 1961ರಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಜಾವಾ, ಯೆಜ್ಡಿಗಳಲ್ಲಿಯೂ ಪ್ರೈಮರಿ ಚೈನುಂಟು. ಆದರೆ ಅಲ್ಲಿ ಗಿಯರಿನ ಸನ್ನೆಯನ್ನು ಕಾಲಿನಿಂದ ಒತ್ತಿದಾಗಲೇ ಕ್ಲಚ್ಚು ತಾನಾಗಿ ಬಿಡುವ ಏರ್ಪಾಡಿದೆ. 1985ರಲ್ಲಿ ಬಂದ ಹೀರೋ ಹೋಂಡಾ ಸಿ.ಡಿ. 100ರಲ್ಲಿ ಚೈನಿನ ಬದಲು ಹಲ್ಲುಚಕ್ರಗಳೇ ಒಂದಕ್ಕೊಂದು ಕೂಡಿ ತಿರುಗುತ್ತವೆ. ಆದುದರಿಂದ ಮುಂದೆ ಹೇಳುವ ಕ್ರಮವು ಹಳೆಯ ಬುಲೆಟ್ಟಿಗೆ ಮಾತ್ರ ಅನ್ವಯಿಸತಕ್ಕುದು.

ಎರಡು ನೋಟುಪುಸ್ತಕಗಳ ಪಾಠ

ಕ್ಲಚ್ಚೆಂದರೇನೆಂದು ಮಕ್ಕಳಿಗೆ ತಿಳಿಸಲು ನಾನು ತರಗತಿಯಲ್ಲಿ ಒಂದು ಪ್ರಯೋಗ ಮಾಡಿಸುವುದುಂಟು. ಎರಡು ನೋಟುಪುಸ್ತಕಗಳ ಹಾಳೆಗಳನ್ನು ಒಂದರ ಮೇಲೊಂದು ಹೆಣೆದಂತೆ ಸೇರಿಸಿ, ಇಬ್ಬರು ಹುಡುಗರಿಗೆ ಎಳೆಯಲು ಕೊಡಬೇಕು. ನಾಲ್ಕು ಹಾಳೆ ಸೇರಿಸಿದ್ದರೆ ಸುಲಭವಾಗಿ ಬಿಡುತ್ತವೆ. ನೂರು ಹಾಳೆ ಸೇರಿಸಿದರೆ ಬಲವಾದ ಹುಡುಗರೂ ಸೋಲುತ್ತಾರೆ. ಹಾಳೆ ಅದೇ, ಕೈ ಅದೇ. ಉಜ್ಜುವ ಮುಖಗಳು ಹೆಚ್ಚಿದವು, ಅಷ್ಟೆ.

ಕ್ಲಚ್ಚಿನ ಪ್ಲೇಟುಗಳೂ ಹೀಗೆಯೆ. ಒಂದು ಘರ್ಷಣೆಯ ಪ್ಲೇಟು, ಒಂದು ಉಕ್ಕಿನ ಪ್ಲೇಟು, ಮತ್ತೆ ಘರ್ಷಣೆಯದು ಎಂಬಂತೆ ಅವು ಜೋಡಣೆಯಾಗಿರುತ್ತವೆ; ಸ್ಪ್ರಿಂಗುಗಳು ಅವನ್ನು ಒತ್ತಿ ಹಿಡಿಯುತ್ತವೆ. ಹಿಡಿತವು ನಾಲ್ಕು ಸಂಗತಿಗಳನ್ನು ಅವಲಂಬಿಸಿದೆ: ಮೇಲ್ಮೈಯ ಒರಟುತನ, ಸ್ಪ್ರಿಂಗಿನ ಒತ್ತಡ, ಪ್ಲೇಟಿನ ಅಗಲ, ಉಜ್ಜುವ ಮುಖಗಳ ಸಂಖ್ಯೆ. ಉದಾಹರಣೆಗೆ ನಾಲ್ಕು ಘರ್ಷಣೆಯ ಪ್ಲೇಟುಗಳಿದ್ದರೆ ಎಂಟು ಮುಖ, ಐದಾದರೆ ಹತ್ತು. ಉಳಿದುದೆಲ್ಲ ಸಮವಾಗಿದ್ದರೆ ಹಿಡಿತವು ಕಾಲುಪಾಲು ಹೆಚ್ಚಿತು. ಇದಕ್ಕಾಗಿ ಸ್ಪ್ರಿಂಗನ್ನು ಬಿಗಿಗೊಳಿಸುವವರು ಹಲವರು. ಅದರಿಂದ ಹಿಡಿತ ಹೆಚ್ಚುವುದು ನಿಜ. ಆದರೆ ಆ ಒತ್ತಡವನ್ನು ಪ್ರತಿ ಸಲವೂ ಸವಾರನ ಎಡಗೈಯೇ ಹೊರಬೇಕು, ಕೇಬಲ್ಲೂ ಹೊರಬೇಕು.

ನಾನು ಮಾಡಿದ ಎರಡು ತಪ್ಪುಗಳು

ಅಣ್ಣನ ಮಗನೂ ನಾನೂ ಒಂದು ಭಾನುವಾರ ಗಾಡಿಯನ್ನು ಕಟ್ಟೆಯ ಮೇಲೆ ನಿಲ್ಲಿಸಿಕೊಂಡೆವು. ಅವನು, “ಚಿಗಪ್ಪ, ಗಟ್ಟಿ ಸ್ಪ್ರಿಂಗು ಹಾಕಿ, ಮುಂದಿನ ಗಾಲಿಗೆ ಒಂದು ಹಲ್ಲು ಹೆಚ್ಚು ಮಾಡಿದ್ರ ಮುಗೀತು, ಇಷ್ಟ್ಯಾಕ ಅಳತಿ?” ಎಂದನು. ಮೊದಲು ನೋಡೋಣ, ಆಮೇಲೆ ಕೊಳ್ಳೋಣ ಎಂದೆ.

ನೋಡಿದಾಗ ಮೊದಲನೆಯ ತಪ್ಪು ಹಿಡಿಯಲ್ಲಿಯೇ ಕಂಡಿತು. ಕ್ಲಚ್ಚಿನ ಸನ್ನೆಯು ಬಿಗಿಯಾಗುವ ಮೊದಲು ಎರಡು ಮೂರು ಮಿಲಿಮೀಟರು ಸಡಿಲವಾಗಿ ಚಲಿಸಬೇಕು. ಗಿಯರು ಸಲೀಸಾಗಿ ಬೀಳಲೆಂದು ನಾನು ಕೇಬಲ್ಲನ್ನು ಎಳೆದೆಳೆದು ಬಿಗಿಮಾಡಿ ಆ ಸಡಿಲವನ್ನು ಇಲ್ಲವಾಗಿಸಿದ್ದೆ. ಅಂದರೆ ನಾನು ಹಿಡಿಯನ್ನು ಬಿಟ್ಟಿದ್ದರೂ ಕ್ಲಚ್ಚು ಪೂರ್ತಿ ಕೂಡುತ್ತಿರಲಿಲ್ಲ. ಎರಡನೆಯ ತಪ್ಪು ಎಣ್ಣೆ. ಮನೆಯಲ್ಲಿದ್ದ ಕಾರಿನ ಎಂಜಿನ್ ಎಣ್ಣೆಯನ್ನೇ ಚೈನಿನ ಪೆಟ್ಟಿಗೆಗೂ ಸುರಿದಿದ್ದೆ. ಕೆಲವು ಕಾರಿನ ಎಣ್ಣೆಗಳಲ್ಲಿ ಘರ್ಷಣೆಯನ್ನು ತಗ್ಗಿಸುವ ದ್ರವ್ಯಗಳಿರುತ್ತವೆ. ಪೆಟ್ರೋಲಿನ ಉಳಿತಾಯಕ್ಕೆ ಅದು ಒಳ್ಳೆಯದು. ಎಣ್ಣೆಯಲ್ಲಿ ಮುಳುಗಿ ಕೆಲಸಮಾಡುವ ಕ್ಲಚ್ಚಿಗೆ ಮಾತ್ರ ವಿಷ. ಇದಕ್ಕಾಗಿಯೇ ಜಪಾನಿನವರು 1998ರಲ್ಲಿ ಜಾಸೋ ಎಂಬ ಗುರುತನ್ನು ಏರ್ಪಡಿಸಿದರು. ಡಬ್ಬಿಯ ಮೇಲೆ ಜಾಸೋ ಎಂ.ಎ. ಎಂದಿದ್ದರೆ ಆ ಎಣ್ಣೆ ಇಂಥ ಕ್ಲಚ್ಚಿಗೆ ಸಲ್ಲುತ್ತದೆ, ಎಂ.ಬಿ. ಎಂದಿದ್ದರೆ ಸಲ್ಲದು.

ಇವೆರಡನ್ನೂ ಸರಿಪಡಿಸಿದಾಗ ಜಾರುವಿಕೆ ಬಹುಪಾಲು ತಗ್ಗಿತು, ಪೂರ್ತಿ ನಿಲ್ಲಲಿಲ್ಲ. ಎರೆಮಣ್ಣಿನಲ್ಲಿ ಅರ್ಧ ಕ್ಲಚ್ಚು ಹಿಡಿದು ಹಿಡಿದು ಪ್ಲೇಟುಗಳು ಕಾದು ಬಿಳುಪೇರಿದ್ದವು. ಆಗ ಪೆಟ್ಟಿಗೆಯನ್ನು ಬಿಚ್ಚುವುದು ಅನಿವಾರ್ಯವಾಯಿತು.

ಬಿಚ್ಚುವ ಕ್ರಮ

ಮೊದಲು ಕೀಲಿಯನ್ನು ತೆಗೆದು ಬ್ಯಾಟರಿಯ ತಂತಿಯನ್ನು ಬಿಡಿಸಬೇಕು. ಸ್ಪಾರ್ಕ್ ಪ್ಲಗ್ಗನ್ನೂ ಕಳಚಿಡುವುದು ಕ್ಷೇಮ. ಎಡಗಡೆಯ ಕಾಲುಮೆಟ್ಟು ಮತ್ತು ಬ್ರೇಕಿನ ಮೆಟ್ಟನ್ನು ಸರಿಸಿ, ಕೆಳಗೆ ಅಗಲವಾದ ತಟ್ಟೆಯಿಟ್ಟು, ಮುಚ್ಚಳದ ನಡುವಿನ ಒಂದೇ ನಟ್ಟನ್ನು ಬಿಚ್ಚಿದರೆ ಎಣ್ಣೆ ಸುರಿದು ಮುಚ್ಚಳ ಬರುತ್ತದೆ. ಮುಚ್ಚಳ ತೆಗೆದ ಮೇಲೆ ಎಂಜಿನ್ನನ್ನು ತಿರುಗಿಸುವಾಗ ಬೆರಳು ಚೈನಿನ ಬಳಿ ಇರಕೂಡದು. ಮಕ್ಕಳನ್ನು ದೂರವಿರಿಸಬೇಕು. ಹಳೆಯ ಪ್ಲೇಟುಗಳ ಪುಡಿಯಲ್ಲಿ ಕಲ್ನಾರು ಇರಬಹುದಾದುದರಿಂದ ಬಾಯಿಂದ ಊದದೆ ಒದ್ದೆ ಬಟ್ಟೆಯಿಂದ ಒರೆಸಬೇಕು.

ಪ್ಲೇಟುಗಳನ್ನು ಮಾತ್ರ ಬದಲಿಸುವುದಾದರೆ ಸ್ಪ್ರಿಂಗುಗಳನ್ನೂ ಒತ್ತುವ ಪ್ಲೇಟನ್ನೂ ತೆಗೆದರೆ ಸಾಕು. ಚೈನನ್ನೂ ತೆಗೆಯಬೇಕಾದರೆ ನಟ್ಟುಗಳ ಅನುಕ್ರಮ ಮುಖ್ಯ. ಕ್ಲಚ್ಚು ಇನ್ನೂ ಕೂಡಿರುವಾಗಲೇ, ಗಾಡಿಯನ್ನು ಮೇಲಿನ ಗಿಯರಿನಲ್ಲಿಟ್ಟು, ಇನ್ನೊಬ್ಬರು ಹಿಂದಿನ ಬ್ರೇಕಿನ ತೋಳನ್ನು ಎಳೆದು ಹಿಡಿದಿರಲು, ಎಂಜಿನ್ನಿನ ಕಡೆಯ ನಟ್ಟನ್ನು ಸಡಿಲಿಸಬೇಕು. ಆಮೇಲೆ ಕ್ಲಚ್ಚನ್ನು ಬಿಚ್ಚಬೇಕು. ಹಲ್ಲುಗಾಲಿಯ ನಡುವೆ ಸ್ಕ್ರೂಡ್ರೈವರ್ ತುರುಕುವುದು ಸಲ್ಲದು, ಹಲ್ಲು ಮುರಿದೀತು. ಚೈನಿಗೆ ಕೊಂಡಿಯ ಬೀಗವಿಲ್ಲದಿರುವುದರಿಂದ ಎರಡು ಹಲ್ಲುಗಾಲಿಗಳನ್ನೂ ಚೈನನ್ನೂ ಒಟ್ಟಿಗೆ ಹೊರಗೆಳೆಯಬೇಕು. ಅದಕ್ಕೆ ಪುಲ್ಲರ್ ಬೇಕು.

ಅಳತೆಯೇ ವೈದ್ಯ

ಪ್ಲೇಟುಗಳನ್ನು ಗಾಜಿನ ಹಲಗೆಯ ಮೇಲಿಟ್ಟು ನೋಡಿದೆವು; ಉಕ್ಕಿನ ಎರಡು ಪ್ಲೇಟುಗಳು ಅಲುಗಾಡಿದವು. ಬಾಗಿದ ಪ್ಲೇಟು ಪೂರ್ತಿ ಕೂಡದು, ಪೂರ್ತಿ ಬಿಡದು. ಕ್ಲಚ್ಚಿನ ಡ್ರಮ್ಮಿನ ಗಾಡಿಗಳಲ್ಲಿ ಪ್ಲೇಟಿನ ಕಿವಿಗಳು ತಿಂದ ಕಚ್ಚುಗಳಿದ್ದವು. ಅಂಥ ಕಚ್ಚುಗಳು ಸಣ್ಣವಾಗಿದ್ದರೆ ಅರದಿಂದ ಎಲ್ಲ ಕಡೆಯೂ ಸಮನಾಗಿ ತೀಡಬಹುದು. ಆಳವಾಗಿದ್ದರೆ ಡ್ರಮ್ಮನ್ನೇ ಬದಲಿಸತಕ್ಕುದು.

ಚೈನಿನ ಸಡಿಲವನ್ನು ಮೇಲಿನ ಸಾಲಿನ ನಡುವೆ, ಅತ್ಯಂತ ಬಿಗಿಯಾಗಿರುವ ಸ್ಥಾನದಲ್ಲಿ ಅಳೆಯಬೇಕು. ಅದು ಕಾಲು ಅಂಗುಲವಿರಬೇಕು. ನಮ್ಮದರಲ್ಲಿ ಮುಕ್ಕಾಲು ಅಂಗುಲಕ್ಕೂ ಮಿಕ್ಕಿತ್ತು. ಕೆಳಗಿನ ಟೆನ್ಷನರನ್ನು ಏರಿಸಲು ಇನ್ನು ಜಾಗವಿರಲಿಲ್ಲ. ಹಲ್ಲುಗಳು ಕೊಕ್ಕೆಯಂತೆ ಬಾಗಿದ್ದವು. ಸವೆದ ಹಲ್ಲಿನ ಮೇಲೆ ಹೊಸ ಚೈನು ಹಾಕಿದರೆ ಅದೂ ಬೇಗ ಸವೆಯುವುದರಿಂದ ಮೂರನ್ನೂ ಒಂದೇ ಸಲ ಕೊಳ್ಳಲು ನಿಶ್ಚಯಿಸಿದೆವು. ಹೇಗೂ ಡ್ರಮ್ಮು ಬದಲಾಗುವುದರಿಂದ ಒಂದು ಪ್ಲೇಟು ಹೆಚ್ಚು ಹಿಡಿಸುವ ಆಳದ ಡ್ರಮ್ಮನ್ನೇ ಆರಿಸಿದೆವು. ಸ್ಪ್ರಿಂಗುಗಳು ಮೊದಲಿನ ಬಿಗಿಯವೇ.

ಒಂದು ಹಲ್ಲು ಹೆಚ್ಚಿಸುವ ಮಾತನ್ನು ಲೆಕ್ಕ ಹಾಕಿಯೇ ಕೈಬಿಟ್ಟೆವು. 26 ಹಲ್ಲಾದರೆ 56ಕ್ಕೆ ಭಾಗಲಬ್ಧ 2.15. ಕ್ಲಚ್ಚಿನ ಮೇಲಿನ ಭಾರ ನೂರಕ್ಕೆ ನಾಲ್ಕರಷ್ಟು ತಗ್ಗುವುದು ದಿಟ. ಹೆದ್ದಾರಿಯಲ್ಲಿ ಎಂಜಿನ್ನೂ ಅಷ್ಟು ನಿಧಾನವಾಗಿ ತಿರುಗೀತು. ಆದರೆ ಹಿಂದಿನ ಚಕ್ರಕ್ಕೆ ದೊರೆಯುವ ಎಳೆತವೂ ಅಷ್ಟೇ ತಗ್ಗುತ್ತದೆ. ಹುಬ್ಬಳ್ಳಿ, ಬೆಂಗಳೂರಿನ ರಸ್ತೆಗೆ ಒಪ್ಪುವ ಸುಧಾರಣೆ ನಮ್ಮ ಎರೆಮಣ್ಣಿಗೆ ಒಪ್ಪದು. ಚೈನಿನ ಬದಲು ಹಲ್ಲಿನ ಬೆಲ್ಟನ್ನು ಹಾಕುವ ಪದ್ಧತಿಯೂ ಹೊರದೇಶಗಳ ಸವಾರರಲ್ಲಿ ಉಂಟು. ಆ ಬೆಲ್ಟು ಎಣ್ಣೆಯಿಲ್ಲದೆ ಒಣಗಿಯೇ ಓಡಬೇಕಾದುದು, ಕ್ಲಚ್ಚೂ ಒಣಗಿಯೇ ಇರಬೇಕಾದುದು. ನಮ್ಮ ಧೂಳಿಗೂ ಕೆಸರಿಗೂ ಮುಚ್ಚಿದ ಎಣ್ಣೆಪೆಟ್ಟಿಗೆಯೇ ಲೇಸೆಂದು ನನ್ನ ಎಣಿಕೆ.

ಮರಳಿ ಜೋಡಿಸುವಾಗ ಎರಡು ಹಲ್ಲುಗಾಲಿಗಳು ಒಂದೇ ನೇರದಲ್ಲಿವೆಯೇ ಎಂದು ಉಕ್ಕಿನ ಪಟ್ಟಿಯಿಟ್ಟು ನೋಡಬೇಕು; ಹೊಸ ಘರ್ಷಣೆಯ ಪ್ಲೇಟುಗಳನ್ನು ಎಣ್ಣೆಯಲ್ಲಿ ನೆನೆಸಿ ಕೂಡಿಸಬೇಕು; ಕಡೆಯ ಪ್ಲೇಟಿನ ಕಿವಿಗಳು ಡ್ರಮ್ಮಿನ ಗಾಡಿಯೊಳಗೆ ಪೂರ್ತಿ ಕೂತಿರಬೇಕು; ಸ್ಪ್ರಿಂಗುಗಳನ್ನು ಒಂದಾದ ಮೇಲೊಂದು ಸಮನಾಗಿ ಬಿಗಿಯಬೇಕು. ಹಿಡಿಯನ್ನು ಎಳೆದಾಗ ಒತ್ತುವ ಪ್ಲೇಟು ವಾಲದೆ ನೇರವಾಗಿ ಎದ್ದರೆ ಕೆಲಸ ಸರಿಯಾಯಿತೆಂದು ತಿಳಿಯಬಹುದು. ಮುಚ್ಚಳ ಹಾಕುವ ಮೊದಲು ಅದು ಹೊಸ ಕ್ಲಚ್ಚಿಗೆ ಉಜ್ಜದೆಂಬುದನ್ನು ಖಚಿತಪಡಿಸಿಕೊಂಡು, ಮಟ್ಟದ ಸ್ಕ್ರೂವಿನವರೆಗೆ ಮಾತ್ರ ಎಣ್ಣೆ ಹಾಕಬೇಕು.

ಮುಂದಿನ ಮಳೆಗಾಲದಲ್ಲಿ ಅದೇ ದಾರಿ, ಅದೇ ಮಣ್ಣು. ಈ ಸಲ ನಾನು ಆಕ್ಸಿಲರೇಟರ್ ತಿರುವಲಿಲ್ಲ. ಚಕ್ರ ಬಿಗಿದೊಡನೆ ಗಾಡಿಯನ್ನು ನಿಲ್ಲಿಸಿ, ಇಳಿದು, ಕಡ್ಡಿಯಿಂದ ಮಣ್ಣು ಕೆರೆದು, ಮತ್ತೆ ಹೊರಟೆ. ಕ್ಲಚ್ಚು ಜಾರಲಿಲ್ಲ. ಅಣ್ಣನ ಮಗನು ಆ ದಿನದ ಅಳತೆಗಳನ್ನೆಲ್ಲ ನಾಲ್ಕಾಣೆ ದಪ್ಪದ ಒಂದು ನೋಟುಪುಸ್ತಕದಲ್ಲಿ ಕನ್ನಡದಲ್ಲಿಯೇ ಬರೆದಿಟ್ಟಿದ್ದಾನೆ. ಆದವಾನಿಯ ಮೇಸ್ತ್ರಿಗಳ ಮಾತು ತೆಲುಗು, ಉರ್ದು. ಕಾರ್ಖಾನೆಯ ಕೈಪಿಡಿ ಇಂಗ್ಲಿಷು. ನಮ್ಮ ಮನೆಯ ಲೆಕ್ಕ ಮಾತ್ರ ಕನ್ನಡದಲ್ಲಿರಲಿ ಎಂಬುದು ಅವನ ಹಟ. ಅತ್ತೆಯವರು ಈಗಲೂ ಗಾಡಿ ಹತ್ತುವ ಮೊದಲು, “ಎಣ್ಣಿ ನೋಡಿಯೇನಪ್ಪಾ?” ಎಂದು ಕೇಳುತ್ತಾರೆ. ನೋಡಿದ್ದೇನೆಂದು ಹೇಳಿಯೇ ಹೊರಡುತ್ತೇನೆ.